ಅಲೆಯಡಿಯ ಮರಳು ದಿಬ್ಬ: ಅದರ ನಡೆಯನ್ನು ಲೆಕ್ಕ ಹಾಕುವ ವಿಜ್ಞಾನ

(ದತ್ತಿ ಉಪನ್ಯಾಸದ ಲಿಖಿತ ರೂಪ)



ವಿಜ್ಞಾನದ ಒಂದು ವಿಷಯವನ್ನು ಕನ್ನಡದಲ್ಲೇ ಹೇಳಬೇಕು, ಆ ವಿಷಯವನ್ನು ಓದದವರಿಗೂ ಅದು ತಲುಪಬೇಕು ಎಂಬುದು ದತ್ತಿ ಇಟ್ಟವರ ಆಶಯ. ಅದಕ್ಕೆ ತಕ್ಕಂತೆ ನೋಟಕ್ಕೆ ತೀರ ಸಣ್ಣದೆನಿಸುವ ಒಂದು ಸಂಗತಿಯನ್ನು ಆರಿಸಿಕೊಂಡಿದ್ದೇನೆ. ದಡದಿಂದ ಕೂಗಳತೆಯಲ್ಲಿ, ಅಲೆ ಒಡೆಯುವ ಜಾಗದಲ್ಲಿ, ನೀರಿನಡಿ ಮಲಗಿರುವ ಮರಳು ದಿಬ್ಬ. ಅದು ಇಂದು ಎಲ್ಲಿದೆ, ಮುಂದಿನ ವಾರ ಎಲ್ಲಿರುತ್ತದೆ, ಐದು ವರ್ಷಗಳ ಮೇಲೆ ಏನಾಗಿರುತ್ತದೆ ಎಂಬುದನ್ನು ಕಂಪ್ಯೂಟರಿನಲ್ಲಿ ಲೆಕ್ಕ ಹಾಕುವ ಪ್ರಯತ್ನ ಹಲವು ದೇಶಗಳಲ್ಲಿ ದಶಕಗಳಿಂದ ನಡೆದಿದೆ. ಆ ಪ್ರಯತ್ನ ಎಲ್ಲಿ ಗೆದ್ದಿತು, ಎಲ್ಲಿ ತಡವರಿಸಿತು, ಅದರಿಂದ ನಮ್ಮ ಕರಾವಳಿ ಕಲಿಯಬೇಕಾದದ್ದೇನು ಎಂಬುದೇ ಇಂದಿನ ಮಾತು.

ದಿಬ್ಬ ಎಂದರೆ ಏನು

ಕಡಲ ತೀರದಲ್ಲಿ ನಿಂತು ಸ್ವಲ್ಪ ಹೊತ್ತು ಅಲೆಗಳನ್ನು ಗಮನಿಸಿದರೆ ಅವು ಎರಡು ಕಡೆ ಒಡೆಯುವುದು ಕಾಣುತ್ತದೆ. ದೂರದಲ್ಲಿ ಒಮ್ಮೆ ನೊರೆಯ ಬಿಳಿ ಸಾಲು ಎದ್ದು ಅಡಗುತ್ತದೆ. ನಡುವೆ ನೀರು ತುಸು ಶಾಂತವಾಗುತ್ತದೆ. ದಡದ ಅಂಚಿಗೆ ಬಂದಾಗ ಮತ್ತೆ ಒಡೆಯುತ್ತದೆ. ಆ ಮೊದಲ ಬಿಳಿ ಸಾಲಿನ ಕೆಳಗೆ ದಿಬ್ಬವಿದೆ. ದಡಕ್ಕೂ ಅದಕ್ಕೂ ನಡುವೆ ಆಳವಾದ ತಗ್ಗು ಇದೆ. ದಿಬ್ಬದ ಎತ್ತರ ಸಾಮಾನ್ಯವಾಗಿ ಒಂದೆರಡು ಮೀಟರು. ಉದ್ದ ಮಾತ್ರ ದಡಕ್ಕೆ ಸಮಾನಾಂತರವಾಗಿ ಕಿಲೊಮೀಟರುಗಟ್ಟಲೆ ಇರಬಹುದು. ಕೆಲವು ತೀರಗಳಲ್ಲಿ ಇಂಥವು ಎರಡು, ಮೂರು ಸಾಲು ಇರುತ್ತವೆ.

ದೊಡ್ಡ ಅಲೆ ಈ ದಿಬ್ಬದ ಮೇಲೆ ಒಡೆದು ತನ್ನ ಶಕ್ತಿಯ ಬಹುಪಾಲನ್ನು ಅಲ್ಲೇ ಕಳೆದುಕೊಳ್ಳುತ್ತದೆ. ದಡದ ಮನೆ, ರಸ್ತೆ, ತೆಂಗಿನ ತೋಟಗಳಿಗೆ ಅದು ಮೊದಲ ಕಾವಲು. ಆದರೆ ಈ ಕಾವಲು ಒಂದೆಡೆ ನಿಲ್ಲುವುದಿಲ್ಲ. ಬಿರುಗಾಳಿಯ ದಿನಗಳಲ್ಲಿ ಹತ್ತಾರು ಮೀಟರು ಕಡಲಿನತ್ತ ಸರಿಯುತ್ತದೆ. ಕಡಲು ತಣ್ಣಗಾದ ಮೇಲೆ ನಿಧಾನವಾಗಿ ದಡದತ್ತ ಮರಳುತ್ತದೆ. ಹೋಗುವುದು ದಿನಗಳಲ್ಲಿ, ಬರುವುದು ವಾರಗಳಲ್ಲಿ, ಕೆಲವೊಮ್ಮೆ ತಿಂಗಳುಗಳಲ್ಲಿ.

ಡಕ್ ಎಂಬ ಊರು

ಈ ವಿಜ್ಞಾನಕ್ಕೆ ಒಂದು ತವರಿದ್ದರೆ ಅದು ಅಮೆರಿಕದ ನಾರ್ತ್ ಕೆರೊಲಿನಾ ರಾಜ್ಯದ ಡಕ್. ಅಟ್ಲಾಂಟಿಕ್ ಕಡಲಿಗೂ ಹಿನ್ನೀರಿಗೂ ನಡುವೆ ಚಾಚಿಕೊಂಡ ಉದ್ದನೆಯ ಮರಳ ಪಟ್ಟಿಯ ಮೇಲಿನ ಸಣ್ಣ ಊರು. ರೈಟ್ ಸಹೋದರರು 1903ರಲ್ಲಿ ವಿಮಾನ ಹಾರಿಸಿದ್ದು ಇದೇ ಪಟ್ಟಿಯ ಮೇಲೆ, ಇಲ್ಲಿಂದ ತುಸು ದಕ್ಷಿಣಕ್ಕೆ. ಅಮೆರಿಕ ಸೇನೆಯ ಎಂಜಿನಿಯರುಗಳ ವಿಭಾಗ 1977ರಲ್ಲಿ ಡಕ್‌ನಲ್ಲಿ ಕ್ಷೇತ್ರ ಸಂಶೋಧನಾ ಕೇಂದ್ರವನ್ನು ಕಟ್ಟಿತು. ದಡದಿಂದ ಕಡಲಿನೊಳಕ್ಕೆ 561 ಮೀಟರು ಉದ್ದದ ಕಾಂಕ್ರೀಟ್ ಕಟ್ಟೆ, ಅದರ ತುಂಬ ಅಳತೆಯ ಉಪಕರಣಗಳು.

ಅಲೆ ಒಡೆಯುವ ಜಾಗದಲ್ಲಿ ನೆಲದ ಆಳ ಅಳೆಯುವುದು ಬಲು ಕಷ್ಟ. ದೋಣಿ ಅಲ್ಲಿ ನಿಲ್ಲುವುದಿಲ್ಲ. ನಿಂತರೂ ಏರಿಳಿತದಲ್ಲಿ ಅಳತೆ ಕೆಡುತ್ತದೆ. ಅದಕ್ಕಾಗಿ ಅವರು ಒಂದು ವಿಚಿತ್ರ ವಾಹನ ಮಾಡಿಕೊಂಡರು. ಅದಕ್ಕೆ ಕ್ರ್ಯಾಬ್ ಎಂದು ಹೆಸರು. ಮೂರು ಉದ್ದನೆಯ ಉಕ್ಕಿನ ಕಾಲು, ಪ್ರತಿ ಕಾಲಿನ ತುದಿಗೆ ಗಾಲಿ, ಸುಮಾರು ಹತ್ತು ಮೀಟರು ಎತ್ತರದಲ್ಲಿ ಚಾಲಕ ಕೂರುವ ಅಟ್ಟಣಿಗೆ. ಗಾಲಿಗಳು ಕಡಲ ನೆಲದ ಮೇಲೆ ಉರುಳುತ್ತವೆ, ಅಲೆಗಳು ಕಾಲುಗಳ ನಡುವೆ ನುಗ್ಗಿ ಹೋಗುತ್ತವೆ, ಚಾಲಕ ನೀರಿನ ಮೇಲೆ ನೆನೆಯದೆ ಇರುತ್ತಾನೆ. ಮನುಷ್ಯ ನಡೆಯುವುದಕ್ಕಿಂತ ನಿಧಾನವಾಗಿ ಅದು ದಿಬ್ಬ ಹತ್ತಿ, ಇಳಿದು, ಹೊರಗಿನ ಆಳದವರೆಗೆ ಹೋಗಿ ಬರುತ್ತದೆ. ವಾಹನ ಎಷ್ಟು ಏರಿತು, ಎಷ್ಟು ಇಳಿಯಿತು ಎಂಬುದನ್ನು ಬರೆದುಕೊಂಡರೆ ಕೆಲವೇ ಸೆಂಟಿಮೀಟರುಗಳ ನಿಖರತೆಯಲ್ಲಿ ನೆಲದ ನಕ್ಷೆ ಸಿದ್ಧ. 1981ರಿಂದ ಹೆಚ್ಚುಕಡಿಮೆ ಎರಡು ವಾರಕ್ಕೊಮ್ಮೆ, ಅವೇ ಗೆರೆಗಳ ಮೇಲೆ, ಅಲ್ಲಿ ಈ ಅಳತೆ ನಡೆಯುತ್ತ ಬಂತು. ಮುಂದೆ ನಾನು ಹೇಳುವುದರಲ್ಲಿ ಹೆಚ್ಚಿನದು ಈ ದಾಖಲೆಯ ಬಲದ ಮೇಲೆ ನಿಂತಿದೆ.

ಇನ್ನೊಂದು ದಾರಿಯನ್ನು ತೋರಿಸಿದವರು ಒರೆಗಾನ್ ಸ್ಟೇಟ್ ವಿಶ್ವವಿದ್ಯಾಲಯದ ರಾಬ್ ಹೋಲ್ಮನ್ ಮತ್ತು ಟಾಮ್ ಲಿಪ್‌ಮನ್. ಎತ್ತರದಲ್ಲಿ ಕ್ಯಾಮೆರಾ ಇಟ್ಟು ಹತ್ತು ನಿಮಿಷಗಳ ದೃಶ್ಯವನ್ನು ಒಂದೇ ಚಿತ್ರವಾಗಿ ಸರಾಸರಿ ಮಾಡಿದರೆ ಬಿಡಿ ಅಲೆಗಳು ಅಳಿಸಿಹೋಗುತ್ತವೆ. ಎಲ್ಲಿ ಪದೇ ಪದೇ ನೊರೆ ಏಳುತ್ತದೋ ಅಲ್ಲಿ ಬಿಳಿ ಪಟ್ಟೆ ಉಳಿಯುತ್ತದೆ. ಆ ಪಟ್ಟೆಯಿಂದ ದಿಬ್ಬದ ಸ್ಥಾನ ಹೇಳಬಹುದೆಂದು ಅವರು 1989ರಲ್ಲಿ ತೋರಿಸಿದರು. ಆರ್ಗಸ್ ಎಂಬ ಹೆಸರಿನಲ್ಲಿ ಈ ಕ್ಯಾಮೆರಾ ವ್ಯವಸ್ಥೆ ಆಸ್ಟ್ರೇಲಿಯಾ, ನೆದರ್ಲೆಂಡ್ಸ್ ಮೊದಲಾದ ದೇಶಗಳ ತೀರಗಳಿಗೂ ಹರಡಿತು. ನೀರಿಗಿಳಿಯದೆಯೇ ದಿನದಿನದ ದಾಖಲೆ ದೊರೆಯತೊಡಗಿತು.

ಮಾದರಿ ಮಾಡುವುದು ಹೇಗೆ

ಕಂಪ್ಯೂಟರ್ ಮಾದರಿಯ ಒಳಗೆ ನಾಲ್ಕು ಹೆಜ್ಜೆಗಳಿವೆ. ಕಡಲ ತಳವನ್ನು ಸಣ್ಣ ಸಣ್ಣ ಚೌಕಗಳಾಗಿ ಭಾಗ ಮಾಡಿ ಪ್ರತಿ ಚೌಕದ ಆಳವನ್ನು ದಾಖಲಿಸುತ್ತಾರೆ. ಹೊರಗಡಲಿನಿಂದ ಬರುವ ಅಲೆಯ ಎತ್ತರ, ಅವಧಿ, ದಿಕ್ಕು ಕೊಟ್ಟರೆ ಅದು ಎಲ್ಲಿ ಬಾಗುತ್ತದೆ, ಎಲ್ಲಿ ಒಡೆಯುತ್ತದೆ ಎಂಬುದನ್ನು ಮೊದಲ ಹೆಜ್ಜೆ ಲೆಕ್ಕ ಹಾಕುತ್ತದೆ. ಒಡೆದ ಅಲೆ ನೀರನ್ನು ತಳ್ಳುವುದರಿಂದ ಯಾವ ಪ್ರವಾಹ ಹುಟ್ಟುತ್ತದೆ ಎಂಬುದು ಎರಡನೆಯದು. ಇದಕ್ಕೆ ಬೇಕಾದ ಗಣಿತವನ್ನು ಲಾಂಗೆಟ್-ಹಿಗಿನ್ಸ್ ಮತ್ತು ಸ್ಟುವರ್ಟ್ ಎಂಬ ವಿಜ್ಞಾನಿಗಳು 1960ರ ದಶಕದಲ್ಲಿ ಕೊಟ್ಟರು. ಆ ಅಲೆ, ಆ ಪ್ರವಾಹ ಸೇರಿ ಎಷ್ಟು ಮರಳನ್ನು ಎತ್ತ ಒಯ್ಯುತ್ತವೆ ಎಂಬುದು ಮೂರನೆಯದು. ಒಂದು ಚೌಕಕ್ಕೆ ಬಂದ ಮರಳು ಹೋದದ್ದಕ್ಕಿಂತ ಹೆಚ್ಚಾದರೆ ಅಲ್ಲಿ ತಳ ಏರುತ್ತದೆ, ಕಡಿಮೆಯಾದರೆ ಇಳಿಯುತ್ತದೆ; ಇದು ನಾಲ್ಕನೆಯದು. ತಳ ಬದಲಾಯಿತೆಂದರೆ ಅಲೆ ಒಡೆಯುವ ಜಾಗವೂ ಬದಲಾಯಿತು. ಹಾಗಾಗಿ ಮತ್ತೆ ಮೊದಲ ಹೆಜ್ಜೆಗೆ. ಹೀಗೆ ಸಾವಿರಾರು ಸಲ ಸುತ್ತಿದಾಗ ಒಂದು ವಾರದ, ಒಂದು ವರ್ಷದ ಬದಲಾವಣೆ ಮೂಡುತ್ತದೆ.

ಮೊದಲ ಎರಡು ಹೆಜ್ಜೆಗಳು ಈಗ ಸಾಕಷ್ಟು ಗಟ್ಟಿಯಾಗಿವೆ. ನಾಲ್ಕನೆಯದು ಕೂಡಿಸಿ ಕಳೆಯುವ ಲೆಕ್ಕ. ಕಗ್ಗಂಟು ಇರುವುದು ಮೂರನೆಯದರಲ್ಲಿ, ಮರಳಿನ ಚಲನೆಯ ನಿಯಮದಲ್ಲಿ.

ದಡ ಸಮೀಪಿಸುವಾಗ ಅಲೆಯ ಆಕಾರ ಬದಲಾಗುತ್ತದೆ. ಅದರ ನೆತ್ತಿ ಚೂಪಾಗುತ್ತದೆ, ಎರಡು ನೆತ್ತಿಗಳ ನಡುವಿನ ತಗ್ಗು ಅಗಲವಾಗುತ್ತದೆ. ನೆತ್ತಿ ದಾಟುವ ಕ್ಷಣದಲ್ಲಿ ತಳದ ನೀರು ದಡದತ್ತ ರಭಸದಿಂದ, ಆದರೆ ಸ್ವಲ್ಪವೇ ಹೊತ್ತು ಓಡುತ್ತದೆ. ತಗ್ಗು ದಾಟುವಾಗ ಕಡಲಿನತ್ತ ನಿಧಾನವಾಗಿ, ಹೆಚ್ಚು ಹೊತ್ತು ಹರಿಯುತ್ತದೆ. ನೀರಿನ ವೇಗ ಎರಡು ಪಟ್ಟಾದರೆ ಅದು ಒಯ್ಯುವ ಮರಳು ಸುಮಾರು ಎಂಟು ಪಟ್ಟಾಗುತ್ತದೆ ಎಂದಿಟ್ಟುಕೊಳ್ಳಿ. ಆಗ ಆ ಚುಟುಕು ರಭಸದ್ದೇ ಮೇಲುಗೈ. ಮರಳು ದಡದತ್ತ ಬರುತ್ತದೆ. ಇನ್ನೊಂದೆಡೆ, ಒಡೆದ ಅಲೆಗಳು ದಡದ ಬಳಿ ನೀರನ್ನು ಪೇರಿಸುತ್ತವೆ. ಆ ನೀರು ತಳದ ಹತ್ತಿರ ಕಡಲಿನತ್ತ ವಾಪಸು ಹರಿಯುತ್ತದೆ. ಇದನ್ನು ಅಡಿಸೆಳೆತ ಎನ್ನೋಣ. ಬಿರುಗಾಳಿಯಲ್ಲಿ ಅಡಿಸೆಳೆತ ಬಲವಾಗಿ, ಅಲೆ ಕದಡಿದ ಮರಳನ್ನು ಹೊರಕ್ಕೆ ಒಯ್ಯುತ್ತದೆ. ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತು ಎಂಬ ಗಾದೆಯ ಸ್ಥಿತಿ ಇದು. ದಿಬ್ಬ ಸರಿಯುವುದು ಈ ಎರಡು ಎಳೆತಗಳ ನಡುವೆ ಉಳಿದ ಅಂತರದಿಂದ.

ಆ ಅಂತರ ಎಷ್ಟು ಸಣ್ಣದು ಎಂಬುದೇ ಇಡೀ ವಿಷಯದ ಮರ್ಮ. ದಡದತ್ತ ನೂರು ಪಾಲು ಮರಳು ಹೋಗಿ ಕಡಲಿನತ್ತ ತೊಂಬತ್ತೇಳು ಪಾಲು ಬಂದಿತೆನ್ನಿ. ಉಳಿದದ್ದು ಮೂರು. ಎರಡರಲ್ಲಿ ಒಂದನ್ನು ಶೇಕಡಾ ಐದರಷ್ಟು ತಪ್ಪಾಗಿ ಲೆಕ್ಕ ಹಾಕಿದರೂ ಆ ಮೂರು ಮಾಯವಾಗಿ, ದಿಬ್ಬ ತಿರುಗುಮುರುಗಾಗಿ ಓಡುತ್ತದೆ. ಮರಳಿನ ಚಲನೆಯ ಲೆಕ್ಕದಲ್ಲಿ ಶೇಕಡಾ ಐದು ಎಂದರೆ ಬಹಳ ಒಳ್ಳೆಯ ನಿಖರತೆ.

ಹೋಗುವುದು ಗೊತ್ತಾಯಿತು, ಬರುವುದು ಗೊತ್ತಾಗಲಿಲ್ಲ

ಮರಳಿನ ನಿಯಮಕ್ಕೆ ತಳಹದಿ ಹಾಕಿದವರು ರಾಲ್ಫ್ ಬ್ಯಾಗ್ನಾಲ್ಡ್. ಬ್ರಿಟಿಷ್ ಸೇನಾಧಿಕಾರಿಯಾಗಿ ಲಿಬಿಯಾದ ಮರುಭೂಮಿ ಸುತ್ತಿ, ಗಾಳಿ ಮರಳನ್ನು ಒಯ್ಯುವ ಬಗೆಯ ಮೇಲೆ 1941ರಲ್ಲಿ ಪುಸ್ತಕ ಬರೆದವರು. ಹರಿಯುವ ನೀರಿನ ಶಕ್ತಿಯ ಒಂದು ಪಾಲು ಮರಳನ್ನು ಹೊರುವುದಕ್ಕೆ ಖರ್ಚಾಗುತ್ತದೆ ಎಂಬ ಅವರ ವಿಚಾರವನ್ನು ಆಂಥೊನಿ ಬೋವೆನ್ 1980ರಲ್ಲಿ, ಜೇಮ್ಸ್ ಬೈಲಾರ್ಡ್ 1981ರಲ್ಲಿ ಕಡಲ ತೀರಕ್ಕೆ ಒಗ್ಗಿಸಿದರು.

ಇದನ್ನು ಒರೆಗೆ ಹಚ್ಚಿದ್ದು 1994ರಲ್ಲಿ ಡಕ್‌ನಲ್ಲಿ ನಡೆದ ದೊಡ್ಡ ಪ್ರಯೋಗ. ದಡದಿಂದ ಹೊರಕ್ಕೆ ಒಂದು ಸಾಲಿನಲ್ಲಿ ಪ್ರವಾಹಮಾಪಕ, ಒತ್ತಡಮಾಪಕ, ತಳದ ಏರಿಳಿತ ಹೇಳುವ ಧ್ವನಿ ಉಪಕರಣಗಳನ್ನು ನೆಟ್ಟರು. ಬಿರುಗಾಳಿಗಳಲ್ಲಿ ದಿಬ್ಬ ಹೊರಕ್ಕೆ ಹೋಯಿತು. ಸೆಪ್ಟೆಂಬರ್ ಕೊನೆಯ ಭಾಗದ ಕೆಲವು ಶಾಂತ ದಿನಗಳಲ್ಲಿ ಸುಮಾರು 30 ಮೀಟರು ದಡದತ್ತ ಬಂದಿತು. ಎಡಿತ್ ಗ್ಯಾಲಗರ್, ಸ್ಟೀವ್ ಎಲ್ಗರ್, ರಾಬರ್ಟ್ ಗುಜಾ 1998ರಲ್ಲಿ ಫಲಿತಾಂಶ ಪ್ರಕಟಿಸಿದರು. ಹೊರಕ್ಕೆ ಹೋಗುವುದನ್ನು ಮಾದರಿ ಸರಿಯಾಗಿ ಹೇಳಿತ್ತು. ಒಳಕ್ಕೆ ಬರುವುದನ್ನು ಹೇಳಿರಲಿಲ್ಲ.

ಇಲ್ಲಿ ಒಂದು ಸೂಕ್ಷ್ಮ ಗಮನಿಸಬೇಕು. ಆ ಲೆಕ್ಕಕ್ಕೆ ಅವರು ಕೊಟ್ಟದ್ದು ತಳದಲ್ಲಿ ನಿಜವಾಗಿ ಅಳೆದ ನೀರಿನ ವೇಗವನ್ನು. ಹಾಗಾಗಿ ಅಲೆಯ ಲೆಕ್ಕ ತಪ್ಪಿತ್ತು, ಪ್ರವಾಹದ ಲೆಕ್ಕ ತಪ್ಪಿತ್ತು ಎಂದು ಜಾರಿಕೊಳ್ಳಲು ದಾರಿ ಇರಲಿಲ್ಲ. ಕೊರತೆ ಮರಳಿನ ನಿಯಮದಲ್ಲೇ ಇದೆ ಎಂಬುದು ಸ್ಪಷ್ಟವಾಯಿತು. ಒಳ್ಳೆಯ ಪ್ರಯೋಗ ಎಂದರೆ ಹೀಗಿರಬೇಕು. ತಪ್ಪು ಯಾವ ಮೂಲೆಯಲ್ಲಿದೆ ಎಂದು ಅದು ಬೊಟ್ಟುಮಾಡಿ ತೋರಿಸಬೇಕು.

2003ರಲ್ಲಿ ಫೆರ್ನಾಂಡಾ ಹೋಫೆಲ್ ಮತ್ತು ಎಲ್ಗರ್ 'ಸೈನ್ಸ್' ಪತ್ರಿಕೆಯಲ್ಲಿ ಉತ್ತರವೊಂದನ್ನು ಮುಂದಿಟ್ಟರು. ಕಡಿದಾದ ಅಲೆಯ ಮುಂಭಾಗ ದಾಟುವಾಗ ನೀರು ಒಮ್ಮೆಲೇ ವೇಗ ಪಡೆಯುತ್ತದೆ. ಮರಳನ್ನು ಕೀಳುವುದು ವೇಗ ಮಾತ್ರವಲ್ಲ, ವೇಗ ಏರುವ ಆ ಹಠಾತ್ ಎಳೆತವೂ ಹೌದು. ಅದನ್ನು ಸೇರಿಸಿದಾಗ ಡಕ್‌ನ ದಿಬ್ಬ ಲೆಕ್ಕದಲ್ಲೂ ದಡದತ್ತ ಬಂತು. ಮರುವರ್ಷವೇ ಸ್ಟೀಫನ್ ಹೆಂಡರ್ಸನ್ ಮತ್ತು ಸಂಗಡಿಗರು ಬೇರೆ ಉತ್ತರ ಕೊಟ್ಟರು. ತಳಕ್ಕೆ ಅಂಟಿದ ಕೆಲವೇ ಸೆಂಟಿಮೀಟರು ದಪ್ಪದ ನೀರಿನ ಪದರದಲ್ಲಿ ಅಲೆಗಳಿಂದಲೇ ದಡದತ್ತ ಸಣ್ಣದೊಂದು ಹರಿವು ಹುಟ್ಟುತ್ತದೆ. ಆ ಪದರವನ್ನು ವಿವರವಾಗಿ ಲೆಕ್ಕ ಹಾಕಿದರೂ ದಿಬ್ಬ ಒಳಕ್ಕೆ ಬರುತ್ತದೆ ಎಂದರು. ಒಂದೇ ದಾಖಲೆಗೆ ಎರಡು ಬೇರೆ ವಿವರಣೆ, ಎರಡೂ ಹೊಂದುತ್ತವೆ. ಲೆಕ್ಕದ ಫಲ ಅಳತೆಗೆ ಹೊಂದಿದ ಮಾತ್ರಕ್ಕೆ ಕಾರಣ ಸಿಕ್ಕಿತು ಎನ್ನಲಾಗದು ಎಂಬ ಎಚ್ಚರವನ್ನು ವಿದ್ಯಾರ್ಥಿಗಳು ಇಲ್ಲಿಂದ ಕಲಿಯಬೇಕು.

ವಾರದ ಲೆಕ್ಕ, ವರ್ಷಗಳ ಲೆಕ್ಕ

ವಾರಗಳ ಮಟ್ಟದಲ್ಲಿ ಈಗ ಮಾದರಿಗಳು ಮೆಚ್ಚುವಂತೆ ಕೆಲಸ ಮಾಡುತ್ತವೆ. ಗೆರ್ಬೆನ್ ರೂಸಿಂಕ್ ಮತ್ತು ಸಂಗಡಿಗರು 2007ರಲ್ಲಿ ಡಕ್, ಜಪಾನಿನ ಹಸಾಕಿ, ನೆದರ್ಲೆಂಡ್ಸಿನ ಎಗ್ಮಂಡ್ ಮೂರೂ ಕಡೆಯ ದಿಬ್ಬಗಳನ್ನು ಒಂದೇ ಮಾದರಿಯಿಂದ ಲೆಕ್ಕ ಹಾಕಿ ತೋರಿಸಿದರು. ಆದರೆ ಪ್ರತಿ ತೀರಕ್ಕೂ ಮಾದರಿಯ ಒಳಗಿನ ಕೆಲವು ಅಂಕಿಗಳನ್ನು ಅಲ್ಲಿನ ಅಳತೆ ನೋಡಿಯೇ ಹೊಂದಿಸಬೇಕಾಯಿತು.

ವರ್ಷಗಳ ಮಟ್ಟಕ್ಕೆ ಹೋದರೆ ಚಿತ್ರವೇ ಬೇರೆ. ಡಚ್ಚರು 1965ರಿಂದ ತಮ್ಮ ಇಡೀ ಕರಾವಳಿಯನ್ನು ಪ್ರತಿ ವರ್ಷ ಅಳೆಯುತ್ತಿದ್ದಾರೆ. ಆ ದಾಖಲೆಯಿಂದ ತಿಳಿದದ್ದು: ಅಲ್ಲಿ ದಿಬ್ಬ ದಡದ ಬಳಿ ಹುಟ್ಟಿ, ವರ್ಷ ವರ್ಷ ಹೊರಕ್ಕೆ ಸರಿದು, ಆಳದಲ್ಲಿ ಕರಗಿಹೋಗುತ್ತದೆ; ಅಷ್ಟರಲ್ಲಿ ದಡದ ಬಳಿ ಹೊಸದು ಹುಟ್ಟಿರುತ್ತದೆ. ಐಮೌಡನ್ ಬಂದರಿನ ಅಲೆತಡೆಗಳ ದಕ್ಷಿಣಕ್ಕೆ ಈ ಚಕ್ರಕ್ಕೆ ಸುಮಾರು 4 ವರ್ಷ, ಉತ್ತರಕ್ಕೆ ಸುಮಾರು 15 ವರ್ಷ. ಒಂದೇ ಕಡಲು, ಒಂದೇ ಬಗೆಯ ಅಲೆ, ನಡುವೆ ಒಂದು ಬಂದರು. ವಾರ್ಷಿಕ ಅಳತೆಯನ್ನು ಯಾರೋ ಅನವಶ್ಯಕ ಖರ್ಚೆಂದು ನಿಲ್ಲಿಸಿದ್ದರೆ ಈ ವ್ಯತ್ಯಾಸ ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ.

ಇಷ್ಟು ದೀರ್ಘ ಕಾಲಕ್ಕೆ ಪ್ರತಿ ಅಲೆಯ ಲೆಕ್ಕ ಹಿಡಿದು ಹೊರಟರೆ ಸಣ್ಣ ತಪ್ಪುಗಳು ಗುಡ್ಡೆಯಾಗುತ್ತವೆ. ನಥಾನಿಯಲ್ ಪ್ಲಾಂಟ್ ಮತ್ತು ಸಂಗಡಿಗರು 1999ರಲ್ಲಿ ಬೇರೆ ದಾರಿ ಹಿಡಿದರು. ಮರಳಿನ ಕಣವನ್ನು ಬಿಟ್ಟು ದಿಬ್ಬವನ್ನೇ ಒಂದು ಘಟಕವೆಂದು ಎಣಿಸಿದರು. ಪ್ರತಿ ಅಲೆಯ ಎತ್ತರಕ್ಕೂ ದಿಬ್ಬ ನೆಲೆಗೊಳ್ಳಬಯಸುವ ಒಂದು ಸ್ಥಾನವಿದೆ. ಅಲೆ ದೊಡ್ಡದಾದರೆ ಆ ಸ್ಥಾನ ದೂರ, ಸಣ್ಣದಾದರೆ ಹತ್ತಿರ. ಅಲೆ ದೊಡ್ಡದಿದ್ದಾಗ ದಿಬ್ಬ ಬೇಗ ಸರಿಯುತ್ತದೆ, ಸಣ್ಣದಿದ್ದಾಗ ನಿಧಾನ. ಈ ಎರಡು ಸರಳ ನಿಯಮಗಳಿಂದಲೇ ಡಕ್‌ನ 16 ವರ್ಷಗಳ ದಾಖಲೆಯ ಬಹುಮಟ್ಟಿನ ಏರಿಳಿತವನ್ನು ಅವರು ಹಿಡಿದರು. ಬೇಗ ಹೋಗುವುದೇಕೆ, ನಿಧಾನವಾಗಿ ಬರುವುದೇಕೆ ಎಂಬುದಕ್ಕೂ ಉತ್ತರ ಅದರಲ್ಲೇ ಇದೆ: ಶಾಂತ ಕಡಲಿಗೆ ದಿಬ್ಬವನ್ನು ನೂಕುವ ಕಸುವು ಕಡಿಮೆ, ಅದು ನೆಲೆ ತಲುಪುವ ಮೊದಲೇ ಇನ್ನೊಂದು ಬಿರುಗಾಳಿ ಬರುತ್ತದೆ. ಆಸ್ಟ್ರೇಲಿಯಾದ ಗೋಲ್ಡ್ ಕೋಸ್ಟ್ ತೀರದ ಆರ್ಗಸ್ ದಾಖಲೆಯನ್ನು ಕೊಟ್ಟು ನರಜಾಲ (ನ್ಯೂರಲ್ ನೆಟ್‌ವರ್ಕ್) ಮಾದರಿಗಳಿಗೆ ದಿಬ್ಬದ ನಡೆ ಕಲಿಸುವ ಕೆಲಸ 2007ರ ಹೊತ್ತಿಗೇ ಆಗಿದೆ. ಈಗ ಎಲ್ಲರ ಬಾಯಲ್ಲಿರುವ ಕೃತಕ ಬುದ್ಧಿಮತ್ತೆಗೂ ಅದೇ ಷರತ್ತು ಅನ್ವಯಿಸುತ್ತದೆ. ಕಲಿಸಲು ವರ್ಷಗಳ ಅಳತೆ ಬೇಕು.

ದಿಬ್ಬ ಸದಾ ನೇರವಾಗಿ ಇರುವುದಿಲ್ಲ. ಆಸ್ಟ್ರೇಲಿಯಾದ ಸಂಶೋಧಕರಾದ ರೈಟ್ ಮತ್ತು ಶಾರ್ಟ್ 1984ರಲ್ಲಿ ತೀರಗಳನ್ನು ಆರು ಸ್ಥಿತಿಗಳಾಗಿ ವಿಂಗಡಿಸಿದರು. ಬಿರುಗಾಳಿ ನೇರ ಮಾಡಿದ ದಿಬ್ಬ ಶಾಂತ ದಿನಗಳಲ್ಲಿ ಅಂಕುಡೊಂಕಾಗಿ ಅರ್ಧಚಂದ್ರಗಳ ಸಾಲಾಗುತ್ತದೆ. ಅವುಗಳ ನಡುವಿನ ಸಂದಿಗಳಲ್ಲಿ ನೀರು ಕಡಲಿನತ್ತ ಜೋರಾಗಿ ನುಗ್ಗುತ್ತದೆ; ಈಜಲು ಇಳಿದವರನ್ನು ಎಳೆದೊಯ್ಯುವ ಸೆಳೆತ ಇದೇ. ದಡದುದ್ದಕ್ಕೂ ಸಾಗುವ ವಿಶೇಷ ಅಲೆಗಳು ಈ ವಿನ್ಯಾಸವನ್ನು ಅಚ್ಚೊತ್ತುತ್ತವೆ ಎಂದು 1970ರ ದಶಕದಲ್ಲಿ ನಂಬಿದ್ದರು. ಕಂಪ್ಯೂಟರ್ ಮಾದರಿಗಳು ಆ ನಂಬಿಕೆಯನ್ನು ಸಡಿಲಿಸಿದವು. ಅಚ್ಚು ಇಲ್ಲದೆಯೂ ಅಲೆ, ಹರಿವು, ಮರಳು ಒಂದನ್ನೊಂದು ಪ್ರಚೋದಿಸುತ್ತ ಹೋದರೆ ನೇರ ದಿಬ್ಬ ತಾನಾಗಿಯೇ ಡೊಂಕಾಗುತ್ತದೆ. ಸಂದಿಗಳ ನಡುವಿನ ಅಂತರ ಸುಮಾರು ಎಷ್ಟು ಎಂದು ಈ ಮಾದರಿಗಳು ಹೇಳಬಲ್ಲವು. ಸಂದಿ ಇಂಥ ಕಡೆಯೇ ಏಳುತ್ತದೆ ಎಂದು ತಳದ ನಕ್ಷೆ ಇಲ್ಲದೆ ಹೇಳಲಾರವು.

ನಮ್ಮ ಕರಾವಳಿಗೆ ಇದರ ಪಾಠ

ಅಳತೆ, ಮಾದರಿ ಎರಡನ್ನೂ ನೆಚ್ಚಿದ ಡಚ್ಚರು 1993ರಲ್ಲಿ ಟೆರ್‌ಸ್ಕೆಲ್ಲಿಂಗ್ ದ್ವೀಪದ ಬಳಿ ದಡದ ಮೇಲೆ ಮರಳು ಸುರಿಯುವ ಬದಲು ಎರಡು ದಿಬ್ಬಗಳ ನಡುವಿನ ತಗ್ಗಿಗೆ ಸುರಿದು ನೋಡಿದರು. ದಿಬ್ಬಗಳ ಸಹಜ ನಡೆಯನ್ನೇ ರಕ್ಷಣೆಗೆ ಬಳಸಿಕೊಳ್ಳುವ ಈ ಕ್ರಮ ಅಲ್ಲಿ ಇಂದು ರೂಢಿಯಾಗಿದೆ. ಬಿರುಗಾಳಿಯಲ್ಲಿ ತೀರ ಹೇಗೆ ಸವೆಯುತ್ತದೆ ಎಂದು ಲೆಕ್ಕ ಹಾಕುವ ಎಕ್ಸ್‌ಬೀಚ್ ಮಾದರಿ ಯಾರು ಬೇಕಾದರೂ ಬಳಸುವಂತೆ ಮುಕ್ತವಾಗಿದೆ. ಮಾದರಿ ನಮಗೂ ಉಚಿತ. ಅದಕ್ಕೆ ಕೊಡಬೇಕಾದ ಅಳತೆ ನಮ್ಮದೇ ಆಗಿರಬೇಕು.

ಡಕ್‌ನಲ್ಲಿ ಬಿರುಗಾಳಿ ಕೆಲವು ದಿನಗಳದ್ದು, ನಡುವೆ ಬಿಡುವಿದೆ. ಕರ್ನಾಟಕದ ಸುಮಾರು 320 ಕಿಲೊಮೀಟರು ಕರಾವಳಿಯಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕಡಲು ಎಡೆಬಿಡದೆ ಅಬ್ಬರಿಸುತ್ತದೆ, ಆಮೇಲೆ ತಿಂಗಳುಗಟ್ಟಲೆ ತಣ್ಣಗಿರುತ್ತದೆ. ಅಲ್ಲಿ ಹೊಂದಿಸಿದ ಅಂಕಿಗಳನ್ನು ಇಲ್ಲಿಗೆ ಹಾಗೆಯೇ ತರಲು ಬರುವುದಿಲ್ಲ. ಅಲೆಗಳ ಅಳತೆ ನಮ್ಮಲ್ಲಿದೆ. ರಾಷ್ಟ್ರೀಯ ಸಾಗರ ವಿಜ್ಞಾನ ಸಂಸ್ಥೆ ಹೊನ್ನಾವರದ ಎದುರಿನ ಕಡಲಿನಲ್ಲಿ ಅಳೆದಿದೆ. ಸುರತ್ಕಲ್‌ನ ಎನ್‌ಐಟಿಕೆಯಲ್ಲಿ ಕರಾವಳಿ ಎಂಜಿನಿಯರಿಂಗ್ ಕಲಿಸುವ ವಿಭಾಗವಿದೆ. ಆಗಬೇಕಾಗಿರುವುದು ಅಲೆ ಒಡೆಯುವ ಪಟ್ಟಿಯ ತಳವನ್ನು ಅವೇ ಗೆರೆಗಳ ಮೇಲೆ, ಮಳೆಗಾಲದ ಮೊದಲೂ ಅನಂತರವೂ, ದಶಕಗಳ ಕಾಲ ಅಳೆಯುವ ಕೆಲಸ.

ಇದು ಏಕೆ ಮುಖ್ಯ? ಜುಲೈ ತಿಂಗಳಲ್ಲಿ ಉಳ್ಳಾಲದಲ್ಲೋ ಮರವಂತೆಯಲ್ಲೋ ಕಡಲ್ಕೊರೆತವಾದಾಗ ಮರಳು ಕಡಲಿನ ಪಾಲಾಯಿತು ಎನ್ನುತ್ತೇವೆ. ಆ ಮರಳಿನಲ್ಲಿ ಎಷ್ಟು ಪಾಲು ಹೊರಗಿನ ದಿಬ್ಬ ಸೇರಿ ಅಕ್ಟೋಬರಿನ ಮೇಲೆ ವಾಪಸು ಬರುವಂಥದ್ದು, ಎಷ್ಟು ಪಾಲು ಶಾಶ್ವತವಾಗಿ ಹೋದದ್ದು? ಉಪಗ್ರಹ ಚಿತ್ರದಲ್ಲಿ ಕಾಣುವುದು ನೀರಂಚು ಮಾತ್ರ. ದಡದ ಫೋಟೊದಲ್ಲಿ ಕಾಣುವುದು ಬಿದ್ದ ತೆಂಗಿನ ಮರ. ಇವೆರಡೂ ಈ ಪ್ರಶ್ನೆಗೆ ಉತ್ತರ ಕೊಡಲಾರವು. ಋತುವಿನ ಏರಿಳಿತಕ್ಕೆ ಕಲ್ಲಿನ ತಡೆಗೋಡೆ ಹಾಕಿದರೆ ಹಣ ಪೋಲು. ಶಾಶ್ವತ ನಷ್ಟವನ್ನು ಋತುವಿನದೆಂದು ಬಿಟ್ಟರೆ ಮನೆಗಳು ಹೋಗುತ್ತವೆ. ಎರಡನ್ನೂ ಬೇರ್ಪಡಿಸಿ ಹೇಳುವ ಶಕ್ತಿ ತಳದ ಅಳತೆಗೆ ಇದೆ, ಅದನ್ನು ಮುಂದಕ್ಕೆ ಚಾಚಿ ಹೇಳುವ ಶಕ್ತಿ ಮಾದರಿಗೆ ಇದೆ. ಕೈರಂಪಣಿ ಬಲೆ ಎಳೆಯುವ ಮೀನುಗಾರರು ದಿಬ್ಬ, ತಗ್ಗುಗಳನ್ನು ಕಾಲಿನಿಂದಲೇ ಬಲ್ಲವರು. ಅಳತೆಯ ಗೆರೆಗಳನ್ನು ಎಲ್ಲಿ ಹಾಕಬೇಕೆಂಬ ನಿರ್ಧಾರದಲ್ಲಿ ಅವರ ತಿಳಿವಳಿಕೆಗೆ ಜಾಗ ಇರಲೇಬೇಕು.

ಈ ವೇದಿಕೆಯಿಂದ ನಾನು ಮೂರು ಮಾತು ಒತ್ತಿ ಹೇಳುತ್ತೇನೆ. ಒಂದು, ಕರಾವಳಿಯ ಮೂರೂ ಜಿಲ್ಲೆಗಳಲ್ಲಿ ಆಯ್ದ ತೀರಗಳ ತಳವನ್ನು ತಪ್ಪದೆ ಅಳೆಯುವ ವ್ಯವಸ್ಥೆಯಾಗಲಿ. ಯೋಜನೆ ಮುಗಿದೊಡನೆ, ಅನುದಾನ ನಿಂತೊಡನೆ ಅದು ನಿಲ್ಲದಿರಲಿ. ಎರಡು, ತಡೆಗೋಡೆ, ಅಲೆತಡೆ, ಮುಳುಗು ದಂಡೆ ಯಾವುದನ್ನು ಕಟ್ಟುವುದಿದ್ದರೂ ಅದಕ್ಕೆ ಆಧಾರವಾದ ಮಾದರಿಯ ವರದಿ ಕನ್ನಡದಲ್ಲಿ ಜನರ ಮುಂದೆ ಬರಲಿ. ಅದನ್ನು ಯಾವ ಅಳತೆಗೆ ಹೋಲಿಸಿ ನೋಡಲಾಗಿದೆ, ಎಷ್ಟು ಹೊಂದಿತು, ಎಷ್ಟು ಹೊಂದಲಿಲ್ಲ ಎಂಬುದೂ ಅದರಲ್ಲಿರಲಿ. ಮೂರು, ಕಟ್ಟಿದ ಮೇಲೂ ಅಳೆಯಲಿ. ಮಾದರಿ ಹೇಳಿದ್ದು ನಿಜವಾಯಿತೇ ಎಂದು ಐದು, ಹತ್ತು ವರ್ಷಗಳ ಮೇಲೆ ಲೆಕ್ಕ ಒಪ್ಪಿಸಲಿ.

ಡಕ್‌ನ ವಿಜ್ಞಾನಿಗಳು ಮಾದರಿ ಸೋತದ್ದನ್ನು 1998ರಲ್ಲಿ ಬಹಿರಂಗವಾಗಿ ಬರೆದರು. ಹಾಗೆ ಬರೆದದ್ದರಿಂದಲೇ 2003ರ, 2004ರ ಉತ್ತರಗಳು ಸಾಧ್ಯವಾದವು. ಅಳತೆಯಲ್ಲಿ ತಾಳ್ಮೆ, ತಪ್ಪಿನ ವಿಷಯದಲ್ಲಿ ಪ್ರಾಮಾಣಿಕತೆ, ಇವೆರಡೂ ಇದ್ದಲ್ಲಿ ಕಂಪ್ಯೂಟರ್ ಮಾದರಿ ಜನರ ಕೈಗೆ ಒಳ್ಳೆಯ ಸಾಧನವಾಗುತ್ತದೆ. ಈ ಸಭೆಯಲ್ಲಿರುವ ವಿದ್ಯಾರ್ಥಿಗಳಲ್ಲಿ ಕೆಲವರಾದರೂ ಈ ಕೆಲಸವನ್ನು ತಮ್ಮದಾಗಿಸಿಕೊಳ್ಳಲಿ; ಅವರು ಇಂದು ಆರಂಭಿಸಿದ ಅಳತೆ ಅವರ ಶಿಷ್ಯರ ಶಿಷ್ಯರಿಗೆ ಉಪಯೋಗಕ್ಕೆ ಬರುತ್ತದೆ.